ನಂದೀಶ್ವರಯ್ಯನವರ ಜೊಳ್ಳು ಸೈಕಲ್ಲು

ಮಧುಗಿರಿಯ ಕಡಲೆಕಾಯಿ ವ್ಯಾಪಾರಿ ನಂದೀಶ್ವರಯ್ಯನವರಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಒಂದು ಅವಮಾನ. ಆದರೆ ಅದು ದಿನಾ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತಪ್ಪದೆ ನಡೆಯುತ್ತಿತ್ತು. ಹೆಂಡತಿ ಕಮಲಾಕ್ಷಮ್ಮ ಸ್ಕೂಟರ್ ಓಡಿಸುವುದು, ಇವರು ಬುತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂರುವುದು. ರಸ್ತೆಯಲ್ಲಿ ಹಂಪು ಬಂದಾಗ ಬುತ್ತಿ ಹಿಡಿಯಬೇಕೋ ಹೆಂಡತಿಯನ್ನು ಹಿಡಿಯಬೇಕೋ ತಿಳಿಯದೆ ಅವರು ಎರಡನ್ನೂ ಬಿಟ್ಟು ಹೆಗಲ ಮೇಲಿನ ಟವೆಲ್ಲು ಹಿಡಿದುಕೊಳ್ಳುತ್ತಿದ್ದರು. ಗುರುತು ಸಿಗದಿರಲಿ ಎಂದು ಹೆಲ್ಮೆಟ್ಟು ಹಾಕಿ ನೋಡಿದರು. ಹಣೆಯ ವಿಭೂತಿ ಅಳಿಸಿಹೋಯಿತೇ ಹೊರತು ಗುರುತು ಅಳಿಸಲಿಲ್ಲ. ಹೆಲ್ಮೆಟ್ಟಿಗೆ ಕೈ ಮುಗಿದು ‘ನಮಸ್ಕಾರ ಸಾವ್ಕಾರ್ರೆ’ ಎಂದವರೇ ಹೆಚ್ಚು.

ನಿಜ ಹೇಳಬೇಕೆಂದರೆ ಯಾರೂ ನಗುತ್ತಿರಲಿಲ್ಲ. ಊರಿಗೆ ಅದರ ಕೆಲಸವೇ ಹಾಸಿ ಹೊದೆಯುವಷ್ಟಿತ್ತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾಯಮಾನ ನಂದೀಶ್ವರಯ್ಯನವರದು. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ತಮ್ಮ ಪಾಡಿಗೆ ತಾವು ನಕ್ಕರೆ ಇವರ ಕಿವಿ ಕೆಂಪಾಗುತ್ತಿತ್ತು.

ಅವರಿಗೂ ಒಂದು ಕಾಲದಲ್ಲಿ ಸ್ವಂತ ಮೊಪೆಡ್ ಇತ್ತು. ಅವರ ಮನೆ ಇರುವುದು ಕೋಟೆಬೆಟ್ಟದ ಬುಡದ ಬೀದಿಯಲ್ಲಿ. ಬೀದಿ ಎಷ್ಟು ಕಿರಿದೆಂದರೆ ಎದುರು ಮನೆಯವರು ಸೀನಿದರೆ ಇವರು ‘ಚಿರಂಜೀವಿ’ ಎನ್ನಬೇಕು. ಬೀದಿಯ ತುದಿಯಲ್ಲಿ ಇದ್ದದ್ದು ಒಂದೇ ಗಾಡಿಯ ಜಾಗ, ಅದು ಹೆಂಡತಿಯ ಸ್ಕೂಟರಿಗೆ. ಇವರ ಗಾಡಿ ಹೊರಗೆ ಬಿಡುವ ಹಾಗಿಲ್ಲ, ಕಡಿದಾದ ಕಲ್ಲು ಮೆಟ್ಟಿಲು ಹತ್ತಿಸಿ ನಡುಮನೆಗೇ ತರಬೇಕು. ಮೊಪೆಡ್ ಭಾರ, ಸಾಹುಕಾರರ ಮಂಡಿಚಿಪ್ಪು ಹಳತು. ಒಂದು ಸಲ ಅದು ಅವರ ಮೇಲೆ ಬಿತ್ತು. ಇನ್ನೊಂದು ಸಲ ಅವರು ಅದರ ಮೇಲೆ ಬಿದ್ದರು. ಮತ್ತೊಂದು ಸಲ ಇಬ್ಬರೂ ಸೇರಿ ಚರಂಡಿಗೆ ಬಿದ್ದರು. ಅವತ್ತು ಕಮಲಾಕ್ಷಮ್ಮ ಮೊಪೆಡ್ಡಿನ ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆ ಗಂಟು ಮತ್ತೆ ಬಿಚ್ಚಲಿಲ್ಲ.

ಕಮಲಾಕ್ಷಮ್ಮ ಗಂಡನ ಕಡಲೆಕಾಯಿ ಮಂಡಿಗಿಂತ ಆಚೆ, ಕೊರಟಗೆರೆ ರಸ್ತೆಯ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಮೇಡಂ. ಇಬ್ಬರಿಗೂ ಒಂದೇ ದಾರಿ. ಗಂಡನನ್ನೂ ಅವರು ಒಂದನೇ ಕ್ಲಾಸಿನ ಮಗುವಿನ ಹಾಗೇ ಗಾಡಿಗೆ ಹತ್ತಿಸಿಕೊಳ್ಳುತ್ತಿದ್ದರು. “ಕಾಲು ಒಳಕ್ಕಿಟ್ಕಳಿ” ಎನ್ನದೆ ಅವರ ಸ್ಕೂಟರ್ ಹೊರಟದ್ದೇ ಇಲ್ಲ. ಹೊರಟ ಮೇಲೆ ಶಾಲೆಯ ಪುರಾಣ ಶುರುವಾಗುತ್ತಿತ್ತು. ಆ ದಿನಗಳಲ್ಲಿ ನಡೆಯುತ್ತಿದ್ದದ್ದು ಕೋತಿಯ ಅಧ್ಯಾಯ. ಬೆಟ್ಟದಿಂದಿಳಿದ ಕೋತಿಯೊಂದು ಶಾಲೆಯ ಗಂಟೆ ಬಾರಿಸುವ ಕಬ್ಬಿಣದ ಸರಳನ್ನು ಕದ್ದು, ಚಾವಣಿ ಹತ್ತಿ, ತನಗೆ ತೋಚಿದಾಗಲೆಲ್ಲ ನೀರಿನ ಟ್ಯಾಂಕಿಗೆ ಬಾರಿಸುತ್ತಿತ್ತು. ಅದು ಬಾರಿಸಿದಾಗಲೆಲ್ಲ ಮಕ್ಕಳು ಊಟದ ಬೆಲ್ಲೆಂದು ತಟ್ಟೆ ಹಿಡಿದು ಓಡುತ್ತಿದ್ದರು. ಹೆಡ್‌ಮಾಸ್ಟರ್ ನಾಗಲಿಂಗಯ್ಯನವರು ಸರಳು ಕಿತ್ತುಕೊಳ್ಳಲು ಹಟ ತೊಟ್ಟಿದ್ದರು. ಕಥೆ ಎಲ್ಲಿಗೆ ಬಂದಿರಲಿ, ಮಂಡಿ ಬಂದರೆ ನಿಲ್ಲುತ್ತಿತ್ತು. ಉಳಿದದ್ದು ಸಂಜೆಗೆ.

ನಂದೀಶ್ವರಯ್ಯನವರು ಇದನ್ನೆಲ್ಲ ಕೇಳಿಸಿಕೊಂಡೂ ಕೇಳದವರ ಹಾಗೆ ಇರುತ್ತಿದ್ದರು. ಅವರ ತಲೆಯಲ್ಲಿ ಇದ್ದದ್ದು ಒಂದೇ ಚಿಂತೆ: ಹ್ಯಾಂಡಲ್ಲು ತಮ್ಮ ಕೈಗೆ ಬರಬೇಕು, ಈ ಹಿಂದಿನ ಸೀಟಿನಿಂದ ಬಿಡುಗಡೆಯಾಗಬೇಕು.

ಸಿರಾದಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದ ಮಗ ಪ್ರಭುದೇವ ಒಂದು ದಿನ ಫೋನಿನಲ್ಲಿ ದಾರಿ ತೋರಿಸಿದ. ಈಗ ಕರೆಂಟಿನ ಸೈಕಲ್ಲು ಬಂದಿವೆಯಂತೆ. ತುಳಿದರೆ ಮೋಟಾರು ತಾನೂ ಕೈಜೋಡಿಸಿ ತಳ್ಳುತ್ತದೆ. ಟ್ರೆಕ್ಕಿಂಗ್ ಸೈಕಲ್ಲು ಎಂದೇ ಒಂದು ಜಾತಿ ಇದೆ. ಟಾರು ರಸ್ತೆಗೂ ಸೈ, ಕಲ್ಲುಮಣ್ಣಿಗೂ ಸೈ. ಬಹಳ ಹಗುರ, ಒಂದೇ ಕೈಯಲ್ಲಿ ಮೆಟ್ಟಿಲು ಹತ್ತಿಸಬಹುದು.

‘ಹಗುರ’ ಎಂಬ ಮಾತಿನಿಂದ ತೊಂದರೆ ಶುರುವಾಯಿತು. ನಲವತ್ತು ವರ್ಷ ಕಡಲೆಕಾಯಿ ಕೊಂಡು ಮಾರಿದ ಮನುಷ್ಯನಿಗೆ ಹಗುರ ಎಂದರೆ ಜೊಳ್ಳು. ತೂಗಿದರೆ ತೂಗಬೇಕು, ಅದೇ ಕಾಯಿ. ತೂಗದ್ದಕ್ಕೆ ಯಾರಾದರೂ ಕಾಸು ಕೊಡುತ್ತಾರೆಯೇ? ಸಾಹುಕಾರರು ಎರಡು ರಾತ್ರಿ ಹೊರಳಾಡಿದರು. ಕೊನೆಗೆ ಹಿಂದಿನ ಸೀಟನ್ನು ನೆನೆಸಿಕೊಂಡು ಮನಸ್ಸು ಗಟ್ಟಿ ಮಾಡಿದರು. ಆದರೆ ಮೋಸಹೋಗಬಾರದೆಂದು ಮಂಡಿಯ ಕೊಕ್ಕೆ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡರು, ಹಮಾಲಿ ಕದರಪ್ಪನನ್ನೂ ಜೊತೆಗೆ ಕರೆದುಕೊಂಡು ಸಿರಾ ಬಸ್ಸು ಹತ್ತಿದರು.

ಕದರಪ್ಪ ಪಾವಗಡದ ಕಡೆ ರಾಯಚರ್ಲಿನವನು, ಮಾತು ಅರ್ಧ ತೆಲುಗು. ಎರಡು ಮೂಟೆಯನ್ನು ಬೆನ್ನ ಮೇಲೆ ಹೇರಿಕೊಂಡು ಬೀಡಿ ಹಚ್ಚುವ ಆಳು. ಭಾರ ನೋಡಿ ಹೇಳಲು ಇವನಿಗಿಂತ ಬೇರೆ ಸಾಕ್ಷಿ ಬೇಕೇ ಎಂಬುದು ಸಾಹುಕಾರರ ಲೆಕ್ಕ. ಲೆಕ್ಕ ತಪ್ಪಿದ್ದು ಅಲ್ಲೇ. ಸಿರಾದ ಖಲಂದರ್ ಸಾಬಿಯ ಸೈಕಲ್ ಅಂಗಡಿಯಲ್ಲಿ ಅವನು ಒಂದು ಸೈಕಲ್ಲು ಎತ್ತಿ, “ಇದ್ರಾಗೆ ಏಮೀ ಲೇದು ಸಾಮಿ, ಉಬ್ಬಿದ ಪುರಿ ಚೀಲ” ಅಂದ. ಇನ್ನೊಂದು ಎತ್ತಿ ಅದನ್ನೇ ಅಂದ. ಸುಮ್ಮನೆ ನಿಂತಿದ್ದ ಒಂದು ಬುಲೆಟ್ ಬೈಕಿನ ಹಿಂಭಾಗವನ್ನೂ ಎತ್ತಿ ನೋಡಿ ಅದನ್ನೇ ಅಂದ. ಬೈಕಿನವನು ಕಾಫಿ ಬಿಟ್ಟು ಓಡಿಬಂದ.

ನಂದೀಶ್ವರಯ್ಯನವರು ತಾವೇ ಪರೀಕ್ಷೆಗೆ ಇಳಿದರು. ಕಡಲೆಕಾಯಿ ಕೊಳ್ಳುವಾಗ ಹಿಡಿ ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುವುದು ಅವರ ಪದ್ಧತಿ. ಗಲಗಲ ಎಂದರೆ ಕಾಳು ಒಣಗಿದೆ, ಸದ್ದಿಲ್ಲದಿದ್ದರೆ ಹಸಿ ಇಲ್ಲವೇ ಜೊಳ್ಳು. ಅಭ್ಯಾಸಬಲ, ಕದರಪ್ಪನ ಕೈಯಲ್ಲಿ ಸೈಕಲ್ಲು ಎತ್ತಿಸಿ ಕಿವಿಯ ಹತ್ತಿರ ಅಲ್ಲಾಡಿಸಲು ಹೇಳಿದರು. ಸೈಕಲ್ಲು ಕಿಮಕ್ಕೆನ್ನಲಿಲ್ಲ. ಸಾಹುಕಾರರ ಮುಖ ಸಪ್ಪಗಾಯಿತು. ಖಲಂದರ್ ಬಹಳ ಮರ್ಯಾದೆಯ ಮನುಷ್ಯ. ಸೈಕಲ್ಲು ಸದ್ದು ಮಾಡದಿರುವುದೇ ಒಳ್ಳೆಯದು ಎಂದು ಮೆಲ್ಲಗೆ ತಿಳಿಹೇಳಿ, ಕುರ್ಚಿ ಹಾಕಿ, ಚಹಾ ತರಿಸಿದ.

ಆಮೇಲೆ ತಕ್ಕಡಿ ಹೊರಬಂತು. ಅಂಗಡಿಯ ತೊಲೆಗೆ ಕೊಕ್ಕೆ ಸಿಕ್ಕಿಸಿ ಒಂದೊಂದೇ ಸೈಕಲ್ಲನ್ನು ಗಾಳಿಯಲ್ಲಿ ತೂಗಾಡಿಸಿದರು. ರಸ್ತೆಯಲ್ಲಿ ಜನ ಸೇರಿತು. ಸೈಕಲ್ಲನ್ನು ಕೆಜಿ ಲೆಕ್ಕದಲ್ಲಿ ಮಾರುತ್ತಿದ್ದಾರೆಂದು ಸುದ್ದಿ ಹಬ್ಬಿತು. ಚೀಲ ಹಿಡಿದ ಅಜ್ಜಿಯೊಬ್ಬರು ಮುಂದೆ ಬಂದು ಕೆಜಿ ಹೆಂಗೆ ಎಂದು ಕೇಳಿ, ಮೊಮ್ಮಗನಿಗೆ ಅರ್ಧ ಕೆಜಿ ಸಾಕು ಎಂದರು.

ಖಲಂದರನ ಹತ್ತಿರ ಇದ್ದದ್ದು ಮೂರು ಬಗೆ. ಮಡಚುವ ಸೈಕಲ್ಲು ಅಗ್ಗ, ಆದರೆ ಮೊಪೆಡ್ಡಿನ ತಮ್ಮನಷ್ಟು ಭಾರ. ಎರಡನೆಯದು ಹೂವಿನಷ್ಟು ಹಗುರ, ಆದರೆ ಅದಕ್ಕೆ ಗೇರಿಲ್ಲ, ಲೈಟಿಲ್ಲ, ಮಡ್‌ಗಾರ್ಡಿಲ್ಲ. ಮಳೆಯಲ್ಲಿ ಹೊರಟರೆ ಬೆನ್ನ ತುಂಬ ಕೆಸರು. ಮೂರನೆಯದು ಟ್ರೆಕ್ಕಿಂಗಿನದು. ಅಲ್ಯೂಮಿನಿಯಂ ಮೈ, ಏರು ಹತ್ತಲು ಗೇರು, ಮುಂದೆ ಹಿಂದೆ ಲೈಟು, ಬುತ್ತಿ ಇಡಲು ಸಣ್ಣ ಕ್ಯಾರಿಯರ್. ಮೇಲಾಗಿ ಬ್ಯಾಟರಿಯನ್ನು ಬಿಚ್ಚಿ ಒಳಗೆ ಒಯ್ದು ಚಾರ್ಜಿಗೆ ಹಾಕಬಹುದು. ಅದರ ಬೆಲೆ ಕೇಳಿದ ಸಾಹುಕಾರರು ಕುರ್ಚಿಯಿಂದ ಎದ್ದರು.

“ಏನಯ್ಯಾ ಇದು, ತೂಕ ಕಮ್ಮಿ ಆದಂಗೆಲ್ಲ ರೇಟು ಜಾಸ್ತಿ. ನಾನು ಇಂಗೆ ಯಾಪಾರ ಮಾಡಿದ್ರೆ ಮಧುಗಿರಿ ರೈತ್ರು ಬೆಟ್ಟದ ಮೇಲಿಂದ ತಳ್ಳೋರು.”

“ಸಾವ್ಕಾರ್ರೆ, ಭರೋಸಾ ಇಡಿ,” ಎಂದ ಖಲಂದರ್. “ಭಾರ ತಗೊಂಡು ಹೋಗೋರು ದಿನಾ ಹೊರಬೇಕು. ಹಗುರ ತಗೊಂಡು ಹೋಗೋರು ಒಂದೇ ದಿನ ಹೊರಬೇಕು, ಅದೂ ಜೇಬಲ್ಲಿ.”

ಮಾತು ಸಾಹುಕಾರರಿಗೆ ನಾಟಿತು. ಆದರೂ ಸೋಲಬಾರದೆಂದು ಮಂಡಿಯ ಪದ್ಧತಿ ಎತ್ತಿದರು. ಕಾಯಿ ತೂಗುವಾಗ ಚೀಲದ ತೂಕ ಕಳೆಯುವುದಿಲ್ಲವೇ, ಹಾಗೆಯೇ ಬ್ಯಾಟರಿಯ ತೂಕ ಕಳೆದು ಬರಿ ಸೈಕಲ್ಲಿನ ತೂಕ ಹೇಳಬೇಕೆಂದರು. ಖಲಂದರ್ ಒಪ್ಪಿ ಬ್ಯಾಟರಿ ಬಿಚ್ಚಿ ತೂಗಿದ. ಕಳೆದ ಮೇಲೆ ಬಂದ ಅಂಕಿ ನೋಡಿ ಸಾಹುಕಾರರಿಗೆ ಏನೋ ಗೆದ್ದಷ್ಟು ಸಂತೋಷವಾಯಿತು. ಯಾರ ಮೇಲೆ ಏನು ಗೆದ್ದರೆಂದು ಅವರೂ ಹೇಳಲಾರರು. ಕೊನೆಗೆ ಖಲಂದರ್ ಒಂದು ಸಣ್ಣ ಕೀ ಕೊಟ್ಟು, ಇದನ್ನು ತಿರುಗಿಸಿದರೇ ಬ್ಯಾಟರಿ ಕೂರುವುದು, ಇದಿಲ್ಲದಿದ್ದರೆ ಇಲ್ಲ, ಕಣ್ಣಿನ ಹಾಗೆ ಜೋಪಾನ ಮಾಡಿ ಎಂದು ಹೇಳಿ ಸೈಕಲ್ಲನ್ನು ಲಗೇಜ್ ಆಟೋದಲ್ಲಿ ಮಧುಗಿರಿಗೆ ಕಳಿಸಿದ.

ಮನೆ ಮುಂದೆ ಪೂಜೆ ಆಯಿತು. ಹೊಸ ಗಾಡಿ ಎಂದಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕು, ಅದು ಫಟ್ಟೆಂದು ಅಪ್ಪಚ್ಚಿಯಾಗಬೇಕು, ದೃಷ್ಟಿ ಹೋಗಬೇಕು. ನಂದೀಶ್ವರಯ್ಯನವರು ಗಂಭೀರವಾಗಿ ಸೈಕಲ್ಲು ತಳ್ಳಿದರು. ಚಕ್ರ ನಿಂಬೆಹಣ್ಣಿನ ಮೇಲೆ ಹತ್ತಿತು, ಇಳಿಯಿತು. ನಿಂಬೆಹಣ್ಣು ಇದ್ದ ಹಾಗೇ ಇತ್ತು. ಮತ್ತೆ ತಳ್ಳಿದರು. ನಿಂಬೆಹಣ್ಣು ಪಕ್ಕಕ್ಕೆ ಜಾರಿ, ಬೀದಿಯ ಇಳಿಜಾರಿನಲ್ಲಿ ಉರುಳುತ್ತಾ ಹೊರಟುಹೋಯಿತು. ಅದರ ಹಿಂದೆ ಎದುರು ಮನೆಯ ನಾಯಿ ಓಡಿತು. ಕಿಟಕಿಯಲ್ಲಿದ್ದ ಚನ್ನಮಲ್ಲಮ್ಮ, ಎದುರು ಮನೆಯ ಯಜಮಾನಿ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದಳು:

“ಅಯ್ಯೋ ಬುಡಿ ಸಾವ್ಕಾರ್ರೆ, ಜೊಳ್ಳು ಅದು.”

ಅವರದೇ ಮಾತು ಅವರಿಗೇ ಬಂದು ಬಡಿಯಿತು. ಈ ಸಲ ಬೀದಿ ನಿಜವಾಗಿಯೂ ನಕ್ಕಿತು. ಸಾಹುಕಾರರು ಹಲ್ಲು ಕಚ್ಚಿ ಸೈಕಲ್ಲು ತಳ್ಳಿಕೊಂಡು ನೇರವಾಗಿ ವೆಲ್ಡಿಂಗ್ ಅಂಗಡಿಗೆ ಹೋದರು. ನಮ್ಮ ಸೀಮೆಯಲ್ಲಿ ಫಿಟ್ಟಿಂಗ್ ಇಲ್ಲದ ಗಾಡಿ ಒಡವೆಯಿಲ್ಲದ ಮದುಮಗಳ ಹಾಗೆ, ಯಾರೂ ಒಪ್ಪುವುದಿಲ್ಲ. ಮುಂದೆ ಕಬ್ಬಿಣದ ಗಾರ್ಡು ಬಂತು. ಕೆಳಗೆ ಡಬಲ್ ಸ್ಟ್ಯಾಂಡು ಬಂತು. ಹಾಲಿನ ಕ್ಯಾನು ಹೊರಬಲ್ಲ ಕ್ಯಾರಿಯರ್ ಬಂತು. ಸೀರೆ ಸಿಕ್ಕದಿರಲೆಂದು ಜಾಲರಿ ಬಂತು, ಈ ಸೈಕಲ್ಲಿನಲ್ಲಿ ಸೀರೆ ಉಟ್ಟವರು ಕೂರಲು ಜಾಗವೇ ಇಲ್ಲ ಎಂಬುದು ಬೇರೆ ಮಾತು. ಲಾರಿಯ ಹಾರ್ನು, ದೇವರ ಹೆಸರಿನ ತಗಡಿನ ಬೋರ್ಡು ಎಲ್ಲಾ ಬಂದವು. ವೆಲ್ಡಿಂಗಿನವನು ಉಳಿದ ಸರಳನ್ನು ವ್ಯರ್ಥ ಮಾಡುವುದೇಕೆಂದು ಅದನ್ನೂ ಒಂದು ಕಡೆ ಬೆಸೆದ.

ಸಂಜೆ ಬೀದಿಯ ಎದುರಿಗೆ ಎರಡನೇ ನಿಂಬೆಹಣ್ಣು ಇಟ್ಟರು. ಅದು ಸಿಪ್ಪೆಸಮೇತ ನೆಲಕ್ಕೆ ಅಂಟಿಹೋಯಿತು. ಚನ್ನಮಲ್ಲಮ್ಮ ಕಿಟಕಿ ಮುಚ್ಚಿದಳು. ಸಾಹುಕಾರರ ಎದೆ ಉಬ್ಬಿತು. ಉಬ್ಬಿದ ಎದೆಯಲ್ಲೇ ಸೈಕಲ್ಲು ಎತ್ತಿ ಮೆಟ್ಟಿಲು ಹತ್ತಲು ಹೋದರು. ಸೈಕಲ್ಲು ಏಳಲಿಲ್ಲ. ಇನ್ನೊಂದು ಸಲ ಬಲ ಹಾಕಿದರು. ಸೈಕಲ್ಲಿನ ಬದಲು ಸೊಂಟದಲ್ಲಿ ಏನೋ ಎದ್ದಿತು. ಕದರಪ್ಪನಿಗೆ ಹೇಳಿಕಳಿಸಬೇಕಾಯಿತು. ಅವನು ಬಂದು ಒಂದು ಕೈಯಲ್ಲಿ ಎತ್ತಿ ನಡುಮನೆಯಲ್ಲಿಟ್ಟು, ಇದರಲ್ಲಿ ಏನೂ ಭಾರವೇ ಇಲ್ಲವೆಂದು ಹೇಳಿಹೋದ.

ಕಮಲಾಕ್ಷಮ್ಮ ಬಿಸಿನೀರಿನ ಬಾಟಲಿ ತಂದು ಗಂಡನ ಸೊಂಟಕ್ಕಿಟ್ಟರು.  

ಮರುದಿನ ಎಲ್ಲ ಬಿಚ್ಚಿಸಿದ್ದಾಯಿತು. ನಗುವವರು ನಗಲಿ ಎಂದು ಸಾಹುಕಾರರು ಒಬ್ಬರೇ ಸವಾರಿ ಹೊರಟರು. ಆಹಾ, ಆ ಮೊದಲ ವಾರ! ಇಳಿಜಾರಿನಲ್ಲಿ ಗಾಳಿ, ಏರಿನಲ್ಲಿ ಯಾರೋ ಬೆನ್ನಿಗೆ ಕೈಕೊಟ್ಟು ತಳ್ಳುವ ಹಾಗೆ ಮೋಟಾರು. ಬಸ್‌ಸ್ಟ್ಯಾಂಡಿನವರಿಗೆಲ್ಲ ತಾವೇ ಕರೆದು ಕೈ ಬೀಸಿದರು. ಸಂಜೆ ಬ್ಯಾಟರಿ ಬಿಚ್ಚಿ ಒಳಗಿಟ್ಟು, ಸೈಕಲ್ಲನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತುವಾಗ ಚನ್ನಮಲ್ಲಮ್ಮನ ಕಿಟಕಿಯ ಕಡೆ ನೋಡಿ ಒಂದು ಸಲ ಕೆಮ್ಮುತ್ತಿದ್ದರು.

ಆದರೆ ಒಂದು ವಿಷಯದಲ್ಲಿ ಅವರಿಗೆ ಊಟ ರುಚಿಸದಂತಾಯಿತು. ಕೋತಿಯ ಕಥೆ ನಿಂತುಹೋಗಿತ್ತು. ಹಿಂದಿನ ಸೀಟಿನ ಕೊನೆಯ ಸವಾರಿಯಲ್ಲಿ ಹೆಡ್‌ಮಾಸ್ಟರ್ ನಾಗಲಿಂಗಯ್ಯನವರು ಏಣಿ ಹಾಕಿ ಚಾವಣಿ ಹತ್ತಿದ್ದರು. ಇಳಿದರೋ ಇಲ್ಲವೋ ಗೊತ್ತಿಲ್ಲ. ರಾತ್ರಿ ಊಟದ ಹೊತ್ತಿಗೆ, ಆಮೇಲೆ ಏನಾಯಿತೆಂದು ಯಾವುದೋ ಪರಧ್ಯಾನದಲ್ಲಿ ಕೇಳುವವರ ಹಾಗೆ ಕೇಳಿದರು. ಕಮಲಾಕ್ಷಮ್ಮ ಒಲೆಯ ಮೇಲೆ ಹಾಲಿದೆ ಎಂದರು. ಬೆಳಿಗ್ಗೆ ಕೇಳಿದರೆ ಹೊತ್ತಾಯಿತು ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಗಂಡಹೆಂಡಿರು ಕೂತು ಮಾತಾಡುತ್ತಿದ್ದದ್ದು ಆ ಸ್ಕೂಟರಿನ ಮೇಲೆ ಮಾತ್ರ ಎಂಬುದು ಸಾಹುಕಾರರಿಗೆ ಆಗ ಹೊಳೆಯಿತು. ಹೊಳೆದದ್ದನ್ನು ಬಾಯಿಬಿಟ್ಟು ಹೇಳುವ ಜಾತಿ ಅವರದಲ್ಲ. ಆದರೆ ಏರಿನಲ್ಲಿ ಸ್ಕೂಟರು ಖಾಲಿ ಹಿಂದಿನ ಸೀಟು ಹೊತ್ತುಕೊಂಡು ತಮ್ಮನ್ನು ದಾಟಿಹೋದಾಗ ಅದು ಕಣ್ಮರೆಯಾಗುವವರೆಗೂ ತುಳಿಯುವುದು ಬಿಟ್ಟು ನೋಡುತ್ತಿದ್ದರು.

ಹೀಗೆ ತಲೆ ಕೋತಿಯ ಹಿಂದೆ ಹೋಗಿದ್ದ ಒಂದು ಬೆಳಿಗ್ಗೆ ಅವರು ಸೈಕಲ್ಲಿಳಿಸಿ ಹೊರಟರು. ಇವತ್ತು ಸೈಕಲ್ಲು ಎಂದಿಗಿಂತಲೂ ಹಗುರ! ಮೆಟ್ಟಿಲಿಳಿಸುವಾಗ ಗರಿಯ ಹಾಗಿತ್ತು. ದಿನಾ ಎತ್ತಿ ಎತ್ತಿ ತೋಳಿಗೆ ಬಲ ಬಂತೆಂದು ಸಾಹುಕಾರರು ಮೀಸೆ ಮುಟ್ಟಿಕೊಂಡರು. ಕೋಟೆಬೀದಿಯಿಂದ ಊರಾಚೆಯವರೆಗೆ ಇಳಿಜಾರು, ಕಾಲು ಆಡಿಸದೆ ಜುಮ್ಮನೆ ಬಂದರು. ಹುಣಸೆಮರದ ಏರು ಶುರುವಾಯಿತು. ತುಳಿದರು. ಬೆನ್ನಿಗೆ ಯಾರೂ ಕೈಕೊಡಲಿಲ್ಲ. ಇನ್ನಷ್ಟು ತುಳಿದರು. ಮಂಡಿಚಿಪ್ಪು ಹಳೆಯ ಬಾಗಿಲಿನ ಹಾಗೆ ಕಿರ್ರೆಂದಿತು. ಇಳಿದು ನೋಡಿದರೆ ಸೈಕಲ್ಲಿನ ಹೊಟ್ಟೆಯಲ್ಲಿ ಬ್ಯಾಟರಿ ಇರಬೇಕಾದ ಕಡೆ ಬರೀ ಗೂಡು. ಬ್ಯಾಟರಿಯ ತೂಕ ಕಳೆದು ಲೆಕ್ಕ ಹಾಕಿದವರು ಬ್ಯಾಟರಿಯನ್ನೇ ಮನೆಯಲ್ಲಿ ಬಿಟ್ಟು ಬಂದಿದ್ದರು.

ಮರಕ್ಕೊರಗಿ ಬೆವರೊರೆಸಿಕೊಳ್ಳುತ್ತಿರುವಾಗ ಕೆಳಗಿನಿಂದ ಸ್ಕೂಟರ್ ಬಂತು, ಎಂದೂ ಇಲ್ಲದ ನಿಧಾನದಲ್ಲಿ. ಹಿಂದಿನ ಸೀಟಿನ ಮೇಲೆ, ತಾವು ಕೂರುತ್ತಿದ್ದ ಜಾಗದಲ್ಲೇ, ಬ್ಯಾಟರಿ ಕೂತಿತ್ತು. ಬೀಳದಿರಲೆಂದು ಅದನ್ನು ಅವರದೇ ಟವೆಲ್ಲಿನಿಂದ ಬಿಗಿದು ಕಟ್ಟಲಾಗಿತ್ತು. ಸಾಹುಕಾರರಿಗೆ ಹುಟ್ಟಿದಂದಿನಿಂದ ಯಾರ ಮೇಲೂ ಬಾರದ ಹೊಟ್ಟೆಕಿಚ್ಚು ಆ ಬ್ಯಾಟರಿಯ ಮೇಲೆ ಬಂತು.

ಕಮಲಾಕ್ಷಮ್ಮ ಗಾಡಿ ನಿಲ್ಲಿಸಿ ಟವೆಲ್ಲು ಬಿಚ್ಚಿದರು. “ದೇವ್ರ ಮುಂದ್ಗಡೆ ಪ್ಲಗ್ಗಲ್ಲೇ ಇತ್ತು. ತಗಳಿ, ಹಾಕ್ಕಂಡು ಹೊರಡಿ. ನನಗೂ ಹೊತ್ತಾಯ್ತದೆ.”

ನಂದೀಶ್ವರಯ್ಯನವರು ಬ್ಯಾಟರಿ ನೋಡಿದರು. ಸೈಕಲ್ಲು ನೋಡಿದರು. ಜುಬ್ಬದ ಬಲಜೇಬಿನಲ್ಲಿ ಬೆರಳಿಗೆ ಆ ಸಣ್ಣ ಕೀ ತಣ್ಣಗೆ ತಗುಲಿತು.

“ಕೀ ಮನೇಲೇ ಬಿಟ್ಬಂದ್ಬುಟ್ಟೆ ಕಣೆ,” ಎಂದರು.

ಕಮಲಾಕ್ಷಮ್ಮ ಗಂಡನ ಮುಖ ನೋಡಿದರು, ಜೇಬಿನೊಳಗಿದ್ದ ಕೈ ನೋಡಿದರು. ಆಮೇಲೆ ಬ್ಯಾಟರಿಯನ್ನು ಕಾಲಿನ ಹತ್ತಿರ ಇಟ್ಟುಕೊಂಡು ಸೀಟಿನ ಧೂಳು ಕೊಡವಿದರು. ಸಾಹುಕಾರರು ಸೈಕಲ್ಲನ್ನು ಹೆಗಲಿಗೆ ಸಿಕ್ಕಿಸಿಕೊಂಡು ಹಿಂದೆ ಹತ್ತಿದರು. ಖಲಂದರ್ ಹೇಳಿದ್ದು ಸುಳ್ಳಲ್ಲ, ಬಹಳ ಹಗುರ. ಬೇರೆ ಯಾವ ಸೈಕಲ್ಲನ್ನೂ ಹೀಗೆ ಹೆಂಡತಿಯ ಹಿಂದೆ ಕೂತು ಒಯ್ಯಲು ಆಗುತ್ತಿರಲಿಲ್ಲ.

“ಕಾಲು ಒಳಕ್ಕಿಟ್ಕಳಿ.”

“ಇಟ್ಟಿದೀನಿ. ಹೆಡ್‌ಮೇಷ್ಟ್ರು ಏಣಿ ಹತ್ತಿದ್ರಲ್ಲ, ಆಮೇಲೆ?”

ಕಮಲಾಕ್ಷಮ್ಮ ವಾರದಿಂದ ಕಟ್ಟಿಟ್ಟುಕೊಂಡಿದ್ದ ಕಥೆಯನ್ನು ಬಿಚ್ಚಿದರು. ನಾಗಲಿಂಗಯ್ಯನವರು ಮೇಲೆ ಹತ್ತಿದರಂತೆ, ಇನ್ನೊಂದು ಕೋತಿ ಬಂದು ಏಣಿ ಬೀಳಿಸಿತಂತೆ, ಊಟದ ಹೊತ್ತಿನವರೆಗೆ ಹೆಡ್‌ಮಾಸ್ಟರೂ ಕೋತಿಯೂ ಟ್ಯಾಂಕಿನ ಎರಡು ಕಡೆ ಎದುರುಬದುರು ಕೂತಿದ್ದರಂತೆ. ಕೆಳಗಿನಿಂದ ಎಸೆದ ಕಡಲೆಕಾಯಿಯನ್ನು ಹೆಡ್‌ಮಾಸ್ಟರು ಕೋತಿಗೆ ಲಂಚ ಕೊಟ್ಟರಂತೆ. ಕೋತಿ ಒಂದು ಕಾಯಿ ತಗೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಹೆಡ್‌ಮಾಸ್ಟರ ಮುಖಕ್ಕೇ ಎಸೆಯಿತಂತೆ.

“ಥೇಟ್ ನಿಮ್ಮಂಗೇ ಕಣ್ರೀ,” ಎಂದರು ಕಮಲಾಕ್ಷಮ್ಮ.

ಸಾಹುಕಾರರು ಗಾಬರಿಯಿಂದ ಮುಂದಕ್ಕೆ ಬಾಗಿದರು. “ನಮ್ಮ ಮಂಡಿ ಕಾಯಿ ಅಲ್ಲ ತಾನೆ?”

ಅಲ್ಲವಂತೆ. ಸಂತೆಯಲ್ಲಿ ತಂದದ್ದಂತೆ. ಆಮೇಲೆ ಕಮಲಾಕ್ಷಮ್ಮ ತಮ್ಮ ಬ್ಯಾಗಿನಲ್ಲಿದ್ದ ಮನೆಯ ಕಾಯಿ ಎಸೆದ ಮೇಲೆ ಕೋತಿ ಸರಳು ಕೆಳಗೆ ಹಾಕಿ ಎರಡೂ ಕೈ ಚಾಚಿತಂತೆ. ನಂದೀಶ್ವರಯ್ಯನವರಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು. ಹೆಗಲ ಮೇಲೆ ಸೈಕಲ್ಲಿನ ಚಕ್ರ ಗಾಳಿಗೆ ತಾನೇ ತಿರುಗುತ್ತಿತ್ತು. ರಸ್ತೆಯ ಪಕ್ಕದವರೆಲ್ಲ ನಿಂತು ನೋಡಿದರು, ಈ ಸಲ ಎಲ್ಲರೂ ನಕ್ಕರು. ಸಾಹುಕಾರರಿಗೆ ಅದು ಕಾಣಿಸಲೇ ಇಲ್ಲ.

ಮಂಡಿಯ ಮುಂದೆ ಕದರಪ್ಪ ಬಂದು ಸೈಕಲ್ಲನ್ನು ಎರಡು ಬೆರಳಲ್ಲಿ ಇಳಿಸಿಕೊಂಡ. ತಾನು ಸಿರಾದಲ್ಲೇ ಹೇಳಿರಲಿಲ್ಲವೇ ಎಂದು ನೆನಪಿಸಿದ. ಕಮಲಾಕ್ಷಮ್ಮ ಬ್ಯಾಟರಿಯನ್ನು ಅವನ ಕೈಗೆ ಕೊಟ್ಟು ಗಾಡಿ ತಿರುಗಿಸಿದರು. ಹೊರಡುವ ಮುಂಚೆ ಕತ್ತು ಹೊರಳಿಸಿ ಹೇಳಿದರು:

“ಸಂಜೆ ಬತ್ತೀನಿ, ತಯಾರಾಗಿರಿ. ಆ ಕೀನ ಎಡಗಡೆ ಜೇಬಿಗೆ ಹಾಕ್ಕಳಿ. ಬಲಗಡೇದು ತೂತು, ಇನ್ನೂ ಹೊಲ್ದಿಲ್ಲ.”

ನಂದೀಶ್ವರಯ್ಯನವರು ತೆಪ್ಪಗೆ ಕೀಯನ್ನು ತೆಗೆದು ಎಡಜೇಬಿಗೆ ಹಾಕಿಕೊಂಡರು.